ಆಡುಮಾತಿನ ಆಜ್ಞೆ ಮತ್ತು ಕನ್ನಡದ ಅರ್ಥವಿಚಾರ

ವಿಡಿಯೊ ಸಂಕಲನವು ಬಹುಕಾಲ ಕಣ್ಣು ಮತ್ತು ಕೈಗಳ ಕಸುಬಾಗಿತ್ತು. ಫಿಲ್ಮಿನ ಸುರುಳಿಯನ್ನು ಕತ್ತರಿಸಿ ಅಂಟಿಸುತ್ತಿದ್ದಾಗಲೂ, ಕಂಪ್ಯೂಟರಿನ ಪರದೆಯ ಮೇಲೆ ತುಣುಕುಗಳನ್ನು ಜೋಡಿಸತೊಡಗಿದಾಗಲೂ ಸಂಕಲನಕಾರನು ಯಂತ್ರದೊಡನೆ ಮಾತಾಡಬೇಕಾದ ಪ್ರಸಂಗವಿರಲಿಲ್ಲ. ಈಗ ಆ ಸ್ಥಿತಿ ಬದಲಾಗುತ್ತಿದೆ. ಮಾತಿನ ಲಿಖಿತ ಪ್ರತಿಯನ್ನು ತಿದ್ದಿದರೆ ದೃಶ್ಯವೂ ತಿದ್ದಿಕೊಳ್ಳುವ ಸೌಲಭ್ಯ 2023ರಲ್ಲಿ ಅಡೋಬಿ ಪ್ರೀಮಿಯರ್ ಪ್ರೊ ತಂತ್ರಾಂಶಕ್ಕೆ ಬಂದಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಕ್ರಮವನ್ನು ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ಇತರ ತಂತ್ರಾಂಶಗಳಿಗೆ ಜೋಡಿಸಲು ಇದರಿಂದ ಸಾಮಾನ್ಯವಾದ ಹಾದಿಯೊಂದು ದೊರೆಯಿತು. ಡಾವಿಂಚಿ ರಿಸಾಲ್ವ್‌ ತಂತ್ರಾಂಶಕ್ಕೆ ಪೈಥಾನ್ ಮತ್ತು ಲುವಾ ಭಾಷೆಗಳಲ್ಲಿ ಆಜ್ಞೆ ಕೊಡುವ ವ್ಯವಸ್ಥೆ ಮೊದಲೇ ಇತ್ತು. ಬಳಸುವವನು ಆಡುಮಾತಿನಲ್ಲಿ ಹೇಳಿದುದನ್ನು ಸಹಾಯಕವು ಅರ್ಥೈಸಿ, ಅಂಥ ಆಜ್ಞೆಯಾಗಿ ಮಾರ್ಪಡಿಸುತ್ತದೆ.

ಇದು ತಂತ್ರಜ್ಞರ ವಿಷಯವೆಂದು ಕನ್ನಡ ವಿಭಾಗಗಳು ಬದಿಗಿರಿಸುವುದು ಸಲ್ಲದು. ಭಾಷೆಯೇ ಉಪಕರಣವಾದಲ್ಲಿ ಅರ್ಥನಿರ್ಣಯವೇ ಕೆಲಸದ ಮೊದಲ ಹೆಜ್ಜೆ. ‘ತೆಗೆ’ ಎಂಬ ಧಾತುವನ್ನೇ ನೋಡಬಹುದು. ಬಾಗಿಲು ತೆಗೆಯುವುದೆಂದರೆ ತೆರೆಯುವುದು; ಕಸ ತೆಗೆಯುವುದೆಂದರೆ ಹೊರಹಾಕುವುದು; ಸಿನಿಮಾ ತೆಗೆಯುವುದೆಂದರೆ ನಿರ್ಮಿಸುವುದು. ‘ಮೂರನೆಯ ದೃಶ್ಯ ತೆಗೆ’ ಎಂದಾಗ ಯಂತ್ರವು ಅದನ್ನು ತೆರೆದು ತೋರಿಸಬೇಕೋ, ಅಳಿಸಿಹಾಕಬೇಕೋ? ‘ಕೊನೆಯ ಮಾತು ಬಿಡು’ ಎಂಬಲ್ಲಿ ಕೈಬಿಡುವ ಅರ್ಥವಿದ್ದರೆ, ‘ಹಾಗೆಯೇ ಬಿಡು’ ಎಂಬಲ್ಲಿ ಉಳಿಸುವ ಅರ್ಥವಿದೆ. ಪಕ್ಕದಲ್ಲಿ ಕುಳಿತ ಸಹೋದ್ಯೋಗಿ ಸಂದರ್ಭದಿಂದ ಇದನ್ನು ತಿಳಿಯುತ್ತಾನೆ. ಯಂತ್ರವು ಊಹಿಸಬೇಕು, ಇಲ್ಲವೆ ಮರಳಿ ಕೇಳಬೇಕು. ತಪ್ಪನ್ನು ಹಿಂದಕ್ಕೆ ಪಡೆಯುವ ಅನುಕೂಲವಿದೆ, ನಿಜ. ಆದರೆ ಹತ್ತಾರು ಆಜ್ಞೆಗಳು ಒಟ್ಟಿಗೆ ನಡೆದುಹೋದ ಮೇಲೆ ಎಲ್ಲಿ ತಪ್ಪಿತೆಂದು ಹುಡುಕುವ ಹೊರೆ ಮನುಷ್ಯನ ಮೇಲೆಯೇ ಬೀಳುತ್ತದೆ.

ಇಂಗ್ಲಿಷಿನಲ್ಲಿ ಹೇಳಿದರಾಯಿತಲ್ಲವೆ ಎಂಬ ವಾದವುಂಟು. ಕಟ್, ಟ್ರ್ಯಾಕ್, ಟೈಮ್‌ಲೈನ್ ಮೊದಲಾದ ಪದಗಳು ಕನ್ನಡ ಸಂಕಲನಕಾರರ ಬಾಯಲ್ಲಿ ಸಹಜವಾಗಿವೆ. ಅವುಗಳಿಗೆ ಸಂಸ್ಕೃತದಿಂದ ಪರ್ಯಾಯ ಕಟ್ಟುವ ಅಗತ್ಯವಿಲ್ಲ. ಆದರೆ ಸಂಕಲನದ ಜೀವವಿರುವುದು ಪಾರಿಭಾಷಿಕ ಪದಗಳಲ್ಲಲ್ಲ, ಲಯವನ್ನು ಕುರಿತ ತೀರ್ಮಾನಗಳಲ್ಲಿ. ಮುಂಬಯಿಯಲ್ಲಿ ನಡೆದ ಯಕ್ಷಗಾನದ ಮುದ್ರಣವನ್ನು ಸಂಕಲಿಸುವವನು ‘ಭಾಗವತರ ಪದ ಮುಗಿಯುವ ತನಕ ಕತ್ತರಿ ಹಾಕಬೇಡ’ ಎನ್ನುವಾಗ, ‘ಪದ’ವು ಶಬ್ದವಲ್ಲ, ಹಾಡು ಎಂಬುದು ಯಂತ್ರಕ್ಕೆ ಗೊತ್ತಿರಬೇಕು. ಈ ತಿಳಿವಳಿಕೆ ಅನುವಾದದಿಂದ ಬಾರದು. ಕನ್ನಡದ ಬಳಕೆಯಿಂದಲೇ ಬರಬೇಕು.

ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಯಿತು. ಒಂದು ಶಬ್ದದ ಹಲವು ಅರ್ಥಗಳನ್ನು ಪ್ರಯೋಗಸಮೇತ ಬಿಡಿಸಿಡುವ ಆ ಬಗೆಯ ಶ್ರಮ ಇಂದು ಸಂಕಲನದ ಕೋಣೆಗಳ ಮಾತಿಗೂ ಸಲ್ಲಬೇಕು. ಚಿತ್ರೋದ್ಯಮದ ನಗರಗಳಾದ ಮುಂಬಯಿ, ಚೆನ್ನೈ, ಹೈದರಾಬಾದುಗಳ ಕನ್ನಡ ಅಭ್ಯಾಸಿಗಳಿಗೆ ಈ ಕ್ಷೇತ್ರಕಾರ್ಯ ಹತ್ತಿರದ್ದು. ಅಲ್ಲಿ ದುಡಿಯುವ ಕನ್ನಡಿಗರು ಯಾವ ಕ್ರಿಯಾಪದಗಳನ್ನು ಯಾವ ಅರ್ಥದಲ್ಲಿ ಬಳಸುತ್ತಾರೆಂದು ಸಂಗ್ರಹಿಸಿ, ವರ್ಗೀಕರಿಸಿ, ತಂತ್ರಾಂಶ ರಚಿಸುವವರಿಗೆ ಮುಕ್ತವಾಗಿ ಒದಗಿಸಬೇಕು. ವಿದ್ವಾಂಸರು ಮಾಡದೆ ಬಿಟ್ಟ ಅರ್ಥನಿರ್ಣಯವನ್ನು ಯಂತ್ರವು ತನ್ನ ಊಹೆಯಿಂದ ಮಾಡಿಬಿಡುತ್ತದೆ. ಆಮೇಲೆ ಬಳಸುವವರು ತಮ್ಮ ಮಾತನ್ನೇ ಆ ಊಹೆಗೆ ಒಗ್ಗಿಸಿಕೊಳ್ಳಬೇಕಾಗುತ್ತದೆ.