ಜಾತಕ ಕೂಡಿಬರಬೇಕಾದ ಮನೆ

ನ್ಯೂಯಾರ್ಕಿನಲ್ಲಿರುವ ತಂಗಿಯ ಮಗ ಹೋದ ವಾರ ವಾಟ್ಸಾಪಿನಲ್ಲಿ ಹದಿನಾಲ್ಕು ಫೋಟೊ ಕಳಿಸಿದ. ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ಮಾರಾಟಕ್ಕಿರುವ, ಒಂದೇ ಬೆಡ್‌ರೂಮಿನ ಕೋ-ಆಪ್ ಅಪಾರ್ಟ್‌ಮೆಂಟು. ಹಳೆಯ ಕಟ್ಟಡ, ಒಳಗೆಲ್ಲ ಹೊಸತು. ಬಿಳಿ ಕಲ್ಲಿನ ಅಡುಗೆಕಟ್ಟೆ, ಉಜ್ಜಿ ಪಾಲಿಶ್ ಹಾಕಿದ ಮರದ ನೆಲ, ಕಿಟಕಿಯಡಿ ಬಣ್ಣ ಬಳಿದುಕೊಂಡು ಕೂತ ಅಜ್ಜನ ಕಾಲದ ರೇಡಿಯೇಟರು, ಆಚೆ ಕಟ್ಟಡಗಳ ನಡುವೆ ಮರಗಿಡಗಳ ತೋಟ. ‘ಚೆನ್ನಾಗಿದೆ ಕಣೋ, ತಗೊಂಡುಬಿಡು’ ಅಂದೆ.

‘ನಾನು ಒಪ್ಪಿದ್ರೆ ಸಾಲದು ಮಾವ, ಅವರು ನನ್ನ ಒಪ್ಪಬೇಕು’ ಅಂದ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋ-ಆಪ್‌ನಲ್ಲಿ ಮನೆ ನಿಮ್ಮ ಹೆಸರಿಗೆ ಕ್ರಯವಾಗುವುದಿಲ್ಲ. ಇಡೀ ಕಟ್ಟಡ ಒಂದು ಕಂಪನಿಯ ಸ್ವತ್ತು. ನೀವು ಕೊಳ್ಳುವುದು ಅದರ ಷೇರು. ಆ ಷೇರಿನ ಮೇಲೆ ಇಂಥ ನಂಬರಿನ ಮನೆಯಲ್ಲಿ ಇರಲು ಒಂದು ಗುತ್ತಿಗೆ ಪತ್ರ ಕೊಡುತ್ತಾರೆ. ತಿಂಗಳ ಮೇಂಟೆನೆನ್ಸ್‌ನಲ್ಲಿ ಆಸ್ತಿ ತೆರಿಗೆ, ಬಿಸಿನೀರು, ಚಳಿಗಾಲದ ಶಾಖ, ಕೆಲಸದವರ ಸಂಬಳ, ಕಟ್ಟಡದ ಮೇಲೆ ಸಾಲವಿದ್ದರೆ ಅದರ ಕಂತು ಎಲ್ಲ ಸೇರಿರುತ್ತದೆ. ಪಕ್ಕದ ಮನೆಯವನು ಕಟ್ಟದಿದ್ದರೆ ಆ ಹೊರೆ ನಿಮ್ಮ ತಲೆಗೂ ಬರುತ್ತದೆ. ನಮ್ಮ ‘ಸೊಸೈಟಿ ಸೈಟು’ ನೋಡಿದವರಿಗೆ ಇದು ವಿಚಿತ್ರ. ಷೇರು ಕಟ್ಟಿ, ವರ್ಷಗಟ್ಟಲೆ ಕಾದು, ಸೈಟು ರಿಜಿಸ್ಟರ್ ಆದ ದಿನ ನಮ್ಮ ಪಾಲಿಗೆ ಸಂಘ ಮುಗಿಯಿತು. ಆಮೇಲೆ ಅವರವರ ಕಾಂಪೌಂಡು ಅವರವರಿಗೆ. ಅಲ್ಲಿ ಸಂಘ ಶುರುವಾಗುವುದೇ ಒಳಗೆ ಕಾಲಿಟ್ಟ ಮೇಲೆ.

ಜಾಹೀರಾತಿನಲ್ಲಿ ಹೊಳೆಯುವ ಆ ನವೀಕರಣವೂ ಒಬ್ಬರ ಇಷ್ಟದಂತೆ ಆಗಿರುವುದಿಲ್ಲ. ಗೋಡೆ ಒಡೆಯುವ ಮೊದಲು ಕಟ್ಟಡದ ಆಡಳಿತ ಮಂಡಳಿಯ, ಅಂದರೆ ಬೋರ್ಡಿನ ಜೊತೆ ಕರಾರು, ಕಟ್ಟಡದ ವಾಸ್ತುಶಿಲ್ಪಿಯ ಒಪ್ಪಿಗೆ, ಠೇವಣಿ, ಗುತ್ತಿಗೆದಾರನ ವಿಮೆ ಎಲ್ಲ ಬೇಕು. ಕೆಲಸ ಸಾಮಾನ್ಯವಾಗಿ ವಾರದ ದಿನಗಳಲ್ಲಿ, ಹಗಲು ಹೊತ್ತಿನಲ್ಲಷ್ಟೇ. ಕೆಳಗಿನವರ ಮಲಗುವ ಕೋಣೆಯ ನೆತ್ತಿಯ ಮೇಲೆ ನಿಮ್ಮ ಬಚ್ಚಲು ಬರುವಂತಿಲ್ಲ ಎಂಬ ನಿಯಮ ಬಹಳ ಕಡೆ ಇದೆ. ನೆಲದ ಶೇ. 80ರಷ್ಟು ಭಾಗಕ್ಕೆ ಕಾರ್ಪೆಟ್ ಹಾಸಬೇಕೆಂಬುದೂ ಉಂಟು. ಫೋಟೊದಲ್ಲಿ ಮಿಂಚಿದ ಮರದ ನೆಲ ಆಮೇಲೆ ಕಾಣುವುದು ಅಂಚಿನಲ್ಲಿ ಮಾತ್ರ! ಇವೆಲ್ಲ ನನಗೆ ಸರಿಯೆನಿಸಿತು. ಮೇಲಿನ ಮನೆಯ ಬಚ್ಚಲು ಸೋರಿ ನಮ್ಮ ದೇವರಮನೆಯ ಗೋಡೆ ಉಬ್ಬಿದಾಗ, ಯಾರನ್ನು ಕೇಳಬೇಕೆಂದು ಗೊತ್ತಾಗದೆ ನಾನು ಆರು ತಿಂಗಳು ಅಲೆದಿದ್ದೇನೆ.

ನನ್ನ ತಕರಾರು ಇರುವುದು ‘ಅವರು ಒಪ್ಪಬೇಕು’ ಎಂಬಲ್ಲಿ. ಎರಡು ವರ್ಷದ ತೆರಿಗೆ ಪತ್ರ, ಬ್ಯಾಂಕಿನ ಲೆಕ್ಕ, ಕೆಲಸ ಕೊಟ್ಟವರ ಪತ್ರ, ಗೆಳೆಯರ ಶಿಫಾರಸು ಎಲ್ಲವನ್ನೂ ಜೋಡಿಸಿ ಬೋರ್ಡಿಗೆ ಕೊಡಬೇಕು. ಆಮೇಲೆ ಸಂದರ್ಶನ. ಉಪ್ಪಿಟ್ಟು, ಕೇಸರಿಬಾತು ಇಲ್ಲದ ವಧುಪರೀಕ್ಷೆ ಅನ್ನಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎರಡನ್ನು ಬೇರೆಬೇರೆ ಕಷ್ಟಗಳೆಂದು ಎಣಿಸಿದ್ದರು. ನ್ಯೂಯಾರ್ಕಿನವರು ಒಂದೇ ಮಾಡಿದ್ದಾರೆ. ಬೇಡವೆಂದರೆ ಕಾರಣ ಹೇಳುವುದಿಲ್ಲ. ಹೇಳಬೇಕಾಗಿಲ್ಲ ಎಂದು 1959ರಷ್ಟು ಹಿಂದೆಯೇ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಬೋರ್ಡುಗಳ ಕಡೆ ನಿಂತಿತ್ತು. 1979ರಲ್ಲಿ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮ್ಯಾನ್‌ಹಟನ್ನಿನ ಕೋ-ಆಪ್‌ನಲ್ಲಿ ಮನೆ ಹಿಡಿಯಲು ಹೋಗಿ, ಅಲ್ಲಿದ್ದವರ ವಿರೋಧ ಎದುರಿಸಿ, ಕಡೆಗೆ ಬಿಡಿ ಮನೆ ಕೊಂಡರು.

ದುಡ್ಡಿನ ಲೆಕ್ಕ ಕೇಳುವುದು ತಪ್ಪಲ್ಲ. ಒಬ್ಬ ಮುಳುಗಿದರೆ ಎಲ್ಲರಿಗೂ ನೀರು ಬರುವ ದೋಣಿ ಅದು. 2008ರಲ್ಲಿ ಅಮೆರಿಕದ ಉದ್ದಗಲಕ್ಕೂ ಮನೆಗಳು ಬ್ಯಾಂಕಿನ ಪಾಲಾದಾಗ ನ್ಯೂಯಾರ್ಕಿನ ಕೋ-ಆಪ್‌ಗಳು ಅಷ್ಟಾಗಿ ಅಲುಗಾಡದಿರಲು ಈ ಬಿಗಿಯೂ ಒಂದು ಕಾರಣ. ಆದರೆ ಲೆಕ್ಕ ಸರಿಯಿಲ್ಲದಿದ್ದರೆ ಲೆಕ್ಕ ಸರಿಯಿಲ್ಲ ಎಂದು ಹೇಳಬಹುದಲ್ಲ? ನಮ್ಮಲ್ಲಿ ‘ಜಾತಕ ಕೂಡಿಬರಲಿಲ್ಲ’ ಎಂದು ಕಾಗದ ಬಂದರೆ, ಕೂಡಿಬರದಿದ್ದದ್ದು ಜಾತಕವೊಂದೇ ಅಲ್ಲ ಎಂದು ಹೆಣ್ಣು ಹೆತ್ತವರಿಗೆ ತಿಳಿಯುತ್ತಿತ್ತು.

ಜಾಕ್ಸನ್ ಹೈಟ್ಸ್‌ನ ಚರಿತ್ರೆಯೇ ಈ ಅನುಮಾನಕ್ಕೆ ಸಾಕ್ಷಿ. 1909ರಲ್ಲಿ ಕ್ವೀನ್ಸ್‌ಬರೊ ಸೇತುವೆ ಆಯಿತು, 1917ರಲ್ಲಿ ಮೇಲ್ಸೇತುವೆಯ ರೈಲು ಬಂತು. ಎಡ್ವರ್ಡ್ ಮ್ಯಾಕ್‌ಡೂಗಲ್‌ನ ಕ್ವೀನ್ಸ್‌ಬರೊ ಕಾರ್ಪೊರೇಷನ್ ಹೊಲಗಳನ್ನು ಕೊಂಡು, ಒಳಗೆ ತೋಟವಿರುವ ಅಪಾರ್ಟ್‌ಮೆಂಟುಗಳನ್ನು ಕಟ್ಟಿ, 1920ರ ಆಸುಪಾಸಿನಿಂದ ಸಹಕಾರದ ಹೆಸರಿನಲ್ಲಿ ಮಾರಿತು. ಯಹೂದಿಗಳಿಗೆ, ಕಪ್ಪು ಜನರಿಗೆ ಅಲ್ಲಿ ಜಾಗವಿರಲಿಲ್ಲ. ‘ಆಯ್ದವರಿಗೆ ಮಾತ್ರ’ ಎಂಬುದೇ ಆಗ ಬಡಾವಣೆಯ ಹೆಗ್ಗಳಿಕೆ. ಇಂದು ಅದೇ ಬಡಾವಣೆಯ 74ನೇ ಬೀದಿಯಲ್ಲಿ ಕರಿಬೇವು, ಸೀರೆ, ಚಿನ್ನ ಎಲ್ಲ ಸಿಗುತ್ತದೆ. ಸ್ಪ್ಯಾನಿಷ್, ಬಂಗಾಳಿ, ನೇಪಾಳಿ, ಟಿಬೆಟನ್ ಕಿವಿಗೆ ಬೀಳುತ್ತವೆ. ಸ್ಕ್ರ್ಯಾಬಲ್ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಇಲ್ಲಿಯವನೇ. ಅವನ ನೆನಪಿಗೆ 35ನೇ ಅವೆನ್ಯೂವಿನ ಒಂದು ಮೂಲೆಯ ಬೀದಿ ಫಲಕದಲ್ಲಿ ಒಂದೊಂದು ಅಕ್ಷರಕ್ಕೂ ಅಂಕ ಬರೆದಿದ್ದಾರೆ. ಆ ಫಲಕದಲ್ಲಿ ಯಾವ ಅಕ್ಷರಕ್ಕೆ ಎಷ್ಟು ಎಂದು ದಾರಿಹೋಕನೂ ಓದಬಹುದು. ಬೋರ್ಡು ಮನುಷ್ಯರಿಗೆ ಹಾಕುವ ಅಂಕ ಯಾರಿಗೂ ಕಾಣದು. ಜನಾಂಗ, ಧರ್ಮ ನೋಡಿ ಮನೆ ನಿರಾಕರಿಸುವುದನ್ನು ಅಮೆರಿಕದ 1968ರ ಕಾಯ್ದೆ ಕಾನೂನುಬಾಹಿರವಾಗಿಸಿದೆ ನಿಜ. ಆದರೆ ಕಾರಣವನ್ನೇ ಹೇಳದವರ ಮೇಲೆ ಅದನ್ನು ರುಜುವಾತು ಮಾಡುವುದು ಹೇಗೆ?

ಅವರ ಕಡೆ ಬೆರಳು ತೋರಿಸಿ ನಾವು ಸುಮ್ಮನಿರುವಂತಿಲ್ಲ. ಕೆನರಾ ಸೀಮೆಯಿಂದ ಮುಂಬೈ ಸೇರಿದ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಗೃಹ ಸಹಕಾರ ಸಂಘ ಕಟ್ಟಿದರು. ಪರ ಊರಿನಲ್ಲಿ ಬಾಡಿಗೆ ಮನೆಗೆ ಪರದಾಡುವ ತಮ್ಮವರಿಗೆ ಅದು ಆಸರೆ. ಒಂದೇ ಕಡೆಯವರೆಂಬ ನಂಬಿಕೆಯೇ ಆಗ ಬಂಡವಾಳ. ಆದರೆ ಆಸರೆಗೆ ಕಟ್ಟಿದ ಗೋಡೆ ಬೇಲಿಯಾಗಲು ಬಹಳ ಕಾಲ ಬೇಡ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ತನ್ನವರಿಗಷ್ಟೇ ಸದಸ್ಯತ್ವ ಎಂದಾಗ, 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದಕ್ಕೆ ಅಸ್ತು ಎಂದಿತು. ಬೆಂಗಳೂರಿನಲ್ಲಿ ‘ಬ್ಯಾಚುಲರ್‌ಗಳಿಗಿಲ್ಲ’, ‘ವೆಜ್ ಮಾತ್ರ’ ಎನ್ನುವ ಮಾಲೀಕರಿಗಂತೂ ಯಾವ ಕೋರ್ಟಿನ ಆದೇಶವೂ ಬೇಕಿಲ್ಲ. ಅವರಾದರೂ ಮುಖಕ್ಕೆ ಹೇಳುತ್ತಾರೆ, ಜಗಳವಾಡಲು ಒಂದು ಹಿಡಿ ಸಿಗುತ್ತದೆ. ನೆರೆಯನ್ನು ಆರಿಸುವ ಹಕ್ಕು ಬೇಕೆನ್ನುವ ಸಂಘ ಬೇಡವೆಂದದ್ದಕ್ಕೆ ಎರಡು ಸಾಲು ಬರೆದುಕೊಡಲಿ. ನಾನು ಕೇಳುವುದು ಇಷ್ಟೇ.

ಮೊನ್ನೆ ಅಳಿಯ ಮತ್ತೆ ಫೋನು ಮಾಡಿದ್ದ. ಅವನ ವಕೀಲರು ಬೋರ್ಡಿನ ಹಿಂದಿನ ಸಭೆಗಳ ನಡಾವಳಿ ಪುಸ್ತಕ ಓದಿ ಬಂದಿದ್ದಾರಂತೆ. ಬಾಯ್ಲರು ಬದಲಿಸುವ ಮಾತು, ತಾರಸಿಯ ಸೋರಿಕೆ, ಮೂರನೇ ಮಹಡಿಯ ನಾಯಿ ರಾತ್ರಿ ಬೊಗಳುವ ದೂರು, ಲಾಬಿಗೆ ಯಾವ ಬಣ್ಣವೆಂದು ಎರಡು ಸಭೆ ನಡೆದ ಚರ್ಚೆ, ಎಲ್ಲ ಅದರಲ್ಲಿದೆಯಂತೆ.

‘ಹೋದ ವರ್ಷ ಇಬ್ಬರಿಗೆ ಬೇಡ ಅಂದಿದಾರೆ ಮಾವ’ ಅಂದ.

‘ಯಾಕಂತೆ?’

‘ಅಷ್ಟೇ ಬರೆದಿರೋದು.’