ಒಲ್ಲೆ ಎಂದ ಮೇಲಿನ ಒಲವು

ಮೆಚ್ಚಿದವರಿಂದ ‘ಬೇಡ’ ಎನ್ನಿಸಿಕೊಂಡ ಹುಡುಗನಿಗೋ ಹುಡುಗಿಗೋ ನಿರೀಕ್ಷಿಸದ ಕಡೆಯಿಂದ ಒಲವು ದೊರೆಯುವುದು ಜಪಾನಿನ ಹೈಸ್ಕೂಲು ಪ್ರೇಮಹಾಸ್ಯಗಳಲ್ಲಿ ಮತ್ತೆ ಮತ್ತೆ ಬರುವ ಕಥೆ. ಮಂಗಳೂರಿನ ಕುಲಶೇಖರ ದಾಟಿ ವಾಮಂಜೂರಿನ ಕಡೆಗೆ ಬರುವ ಬಸ್ಸಿನಲ್ಲಿ ಕಾಲೇಜು ಮಕ್ಕಳು ಸಬ್‌ಟೈಟಲ್ ಓದುತ್ತ ಮೊಬೈಲಿನಲ್ಲಿ ನೋಡುವ ಅನಿಮೆಗಳಲ್ಲಿ (ಜಪಾನಿ ಅನಿಮೇಷನ್‌ಗಳಲ್ಲಿ) ಇಂಥವೂ ಸೇರಿವೆ. ಹದಿನಾರು ಹದಿನೇಳರ ಮನಸ್ಸಿಗೆ ಈ ಕಥೆ ಹಿತವೇ ಎಂಬ ಬಗ್ಗೆ ತಂದೆ ತಾಯಿಯರಲ್ಲಿ, ಅಧ್ಯಾಪಕರಲ್ಲಿ ಭಿನ್ನಾಭಿಪ್ರಾಯವಿದೆ. ಎರಡೂ ಪಕ್ಷಗಳ ಕಾಳಜಿ ಪ್ರಾಮಾಣಿಕವಾದದ್ದು. ಆದ್ದರಿಂದ ಎರಡನ್ನೂ ತಾಳ್ಮೆಯಿಂದ ಕೇಳಬೇಕಾಗುತ್ತದೆ.

ಪರವಾಗಿ ಹೇಳುವವರ ಮೊದಲ ಸಾಕ್ಷಿ ‘ತೊರಾದೊರಾ’. ಯುಯುಕೊ ತಕೆಮಿಯಾ ಅವರ ಈ ಕಾದಂಬರಿ ಮಾಲೆ 2006ರಲ್ಲಿ ಆರಂಭವಾಯಿತು. 2008–09ರಲ್ಲಿ 25 ಕಂತುಗಳ ಅನಿಮೆಯಾಗಿ ಬಂತು. ರ್‍ಯೂಜಿಗೆ ಮಿನೋರಿಯ ಮೇಲೆ ಮನಸ್ಸು, ಪಕ್ಕದ ಮನೆಯ ತೈಗಾಳಿಗೆ ಕಿತಮುರಾನ ಮೇಲೆ. ಒಬ್ಬರಿಗೊಬ್ಬರು ನೆರವಾಗಲು ಒಪ್ಪಂದ ಮಾಡಿಕೊಂಡ ಇವರಿಬ್ಬರಲ್ಲಿ ರ್‍ಯೂಜಿ ಅಡುಗೆ ಮಾಡುತ್ತಾನೆ, ತೈಗಾ ಅವನ ಮನೆಯಲ್ಲೇ ಉಣ್ಣುತ್ತಾಳೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ರ್‍ಯೂಜಿ ತನ್ನ ಮನಸ್ಸಿನ ಮಾತು ಹೇಳುವ ಮೊದಲೇ ಮಿನೋರಿ ಅವನನ್ನು ತಡೆಯುತ್ತಾಳೆ. ಅವನು ಅವಳ ಬೆನ್ನು ಹತ್ತುವುದಿಲ್ಲ. ಕೊನೆಗೆ ದಿನನಿತ್ಯದ ಊಟ, ಜಗಳಗಳ ನಡುವೆಯೇ ಬೆಳೆದ ತೈಗಾಳ ಒಲವು ಅವನಿಗೆ ಅರಿವಾಗುತ್ತದೆ. ಸೋಲಿನ ನಂತರವೂ ಬದುಕಿದೆ, ಕಣ್ಣೆದುರೇ ಇದ್ದವರನ್ನು ನಾವು ಗಮನಿಸಿರಲಾರೆವು ಎಂಬ ಮಾತನ್ನು ಉಪದೇಶವಿಲ್ಲದೆ ಹೇಳಬಲ್ಲ ಕಥೆಗಳು ವಿರಳ ಎಂಬುದು ಈ ಪಕ್ಷದ ವಾದ.

ಎದುರು ಪಕ್ಷದ ಆಕ್ಷೇಪವೂ ಹಗುರವಾದದ್ದಲ್ಲ. ಪ್ರತಿ ನಿರಾಕರಣೆಗೂ ಒಂದು ಪ್ರೇಮ ಪರಿಹಾರವಾಗಿ ಸಿಕ್ಕೇ ಸಿಗುತ್ತದೆ ಎಂದು ಕಥೆ ರೂಢಿ ಮಾಡಿಸಿದರೆ, ಏನೂ ಸಿಗದ ನಿಜಜೀವನದ ಹುಡುಗ ತನಗೆ ಅನ್ಯಾಯವಾಯಿತೆಂದೇ ಭಾವಿಸಬಹುದು. ಎರಡನೆಯದಾಗಿ, ನಂತರ ಬರುವವಳು ಸ್ವತಂತ್ರ ವ್ಯಕ್ತಿಯಾಗಿ ಉಳಿಯದೆ ಸಮಾಧಾನಕರ ಬಹುಮಾನವಾಗಿಬಿಡುವ ಅಪಾಯವಿದೆ. ಒಂಟಿಯಾಗಿರುವುದೂ ನೆಮ್ಮದಿಯ ಸ್ಥಿತಿಯಾಗಬಲ್ಲದು ಎಂಬ ಸಾಧ್ಯತೆಗೆ ಇಂಥ ಮುಕ್ತಾಯಗಳಲ್ಲಿ ಬಹುತೇಕ ಜಾಗವಿರುವುದಿಲ್ಲ.

ಇದಕ್ಕೆ ಉತ್ತರವಾಗಿ ನಮ್ಮ ಮಂಗಳೂರಿನದೇ ಒಂದು ಚಿತ್ರವನ್ನು ಮುಂದಿಡಬಹುದು. 2017ರ ಜುಲೈಯಲ್ಲಿ ತೆರೆಕಂಡ, ರಾಜ್ ಬಿ. ಶೆಟ್ಟಿ ಬರೆದು ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ಯ ಜನಾರ್ದನ ಕನ್ನಡ ಉಪನ್ಯಾಸಕ, ಡಾ. ರಾಜ್‌ಕುಮಾರ್ ಅಭಿಮಾನಿ. ಬೋಳುತಲೆಯ ಕಾರಣಕ್ಕೆ ನಿರಾಕರಣೆ ಉಂಡವನು. ಅಂಥವನೇ ದಪ್ಪಗಿರುವ ಸರಳಾಳನ್ನು ಕಂಡಾಗ ಹಿಂಜರಿಯುತ್ತಾನೆ. ತಾನು ಯಾವ ಅಳತೆಗೋಲಿನಿಂದ ನೊಂದನೋ ಅದೇ ಅಳತೆಗೋಲು ತನ್ನ ಕೈಯಲ್ಲೂ ಇದೆ ಎಂಬ ಅರಿವೇ ಚಿತ್ರದ ತಿರುಳು. ಅಲ್ಲಿ ಸರಳಾ ಬಹುಮಾನವಾಗಿ ಬರುವುದಿಲ್ಲ. ನಾಯಕನ ತಪ್ಪನ್ನು ತೋರಿಸುವವಳಾಗಿ ಬರುತ್ತಾಳೆ. 2019ರಲ್ಲಿ ಈ ಕಥೆ ಮಲಯಾಳದಲ್ಲಿ ‘ತಮಾಶಾ’, ಹಿಂದಿಯಲ್ಲಿ ‘ಉಜಡಾ ಚಮನ್’ ಆಗಿ ಮತ್ತೆ ಬಂತು. ಹುಡುಗಿ ಒಪ್ಪುವ ತನಕ ಹಿಂದೆ ಬೀಳುವ ನಾಯಕನನ್ನು ದಶಕಗಳ ಕಾಲ ಕೊಂಡಾಡಿದ ನಮ್ಮ ಚಿತ್ರರಂಗಕ್ಕೆ ಇದು ಬೇಕಾಗಿದ್ದ ತಿದ್ದುಪಡಿ. ಹೆಣ್ಣು ಸ್ಪಷ್ಟವಾಗಿ ಬೇಡವೆಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು 2013ರಿಂದ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲ ತಪ್ಪು ಸಾಬೀತಾದವನಿಗೇ 3 ವರ್ಷದ ತನಕ ಸೆರೆವಾಸವಾಗಬಹುದು. ಕಾನೂನು ಶಿಕ್ಷೆಯ ಭಯದಿಂದ ಹೇಳುವುದನ್ನು ಒಳ್ಳೆಯ ಕಥೆ ಮನಸ್ಸಿಗೆ ಒಪ್ಪುವಂತೆ ಹೇಳಬಲ್ಲದು.

ಆದರೂ ಜನಾರ್ದನ ದುಡಿಯುವ ವಯಸ್ಕ, ರ್‍ಯೂಜಿ ಶಾಲಾ ಬಾಲಕ ಎಂಬ ಅಂತರವನ್ನು ವಿರೋಧಿಗಳು ನೆನಪಿಸುತ್ತಾರೆ. ನಮ್ಮಲ್ಲಿ 18ಕ್ಕಿಂತ ಕೆಳಗಿನವರ ದೈಹಿಕ ಸಂಬಂಧ, ಇಬ್ಬರೂ ಒಪ್ಪಿದ್ದರೂ, ಪೋಕ್ಸೊ ಕಾಯ್ದೆಯಡಿ ಬರುತ್ತದೆ. ಈ ವಯೋಮಿತಿಯನ್ನು ಇಳಿಸಬಾರದೆಂದೇ ಕಾನೂನು ಆಯೋಗ 2023ರಲ್ಲಿ ಹೇಳಿತು. ಸುತ್ತಲಿನ ಸಮಾಜವೂ ಜಪಾನಿನದಲ್ಲ. ಯುವಕ ಯುವತಿಯರ ಮೇಲೆ ನಡೆದ 2009ರ ಪಬ್ ದಾಳಿ, 2012ರಲ್ಲಿ ಪಡೀಲಿನ ಹೋಂಸ್ಟೇ ದಾಳಿ ಕಂಡ ಊರಿದು; ಪಿಲಿಕುಳದ ಕೆರೆಯ ಬಳಿ ಸಹಪಾಠಿಗಳಿಬ್ಬರು ಕುಳಿತು ಮಾತಾಡಿದರೂ ಯಾರಾದರೂ ಬಂದು ಹೆಸರು ಕೇಳಿಯಾರು ಎಂಬ ಅಳುಕು ಪೂರ್ತಿ ಹೋಗಿಲ್ಲ. ಶಾಲೆಯ ತಾರಸಿಯಲ್ಲಿ ನಿರಾತಂಕವಾಗಿ ಪ್ರೇಮ ನಿವೇದಿಸುವ ಕಥೆಯನ್ನು ನೋಡಿ ಬೆಳೆದ ಮಗು ಇಲ್ಲಿ ಅದನ್ನೇ ಮಾಡಹೊರಟರೆ ಬೆಲೆ ತೆರಬೇಕಾದದ್ದು ಆ ಮಗುವೇ, ಅದರಲ್ಲೂ ಹೆಚ್ಚಾಗಿ ಹುಡುಗಿಯೇ. ಹೆತ್ತವರ ಆತಂಕಕ್ಕೆ ಹೀಗೆ ಆಧಾರವಿದೆ.

ಇದೇ ಸಂಗತಿಯಿಂದ ವಿರುದ್ಧ ತೀರ್ಮಾನಕ್ಕೂ ಬರಬಹುದು. ಮಾತಾಡಲು ಜಾಗವಿಲ್ಲದ ಕಡೆ ನೋವು ಒಳಗೇ ಕೊಳೆಯುತ್ತದೆ. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ, ತನ್ನ ಮಾತಿಗೆ ಒಪ್ಪದ ಯುವತಿಯನ್ನು ಒಬ್ಬ ಮನೆಗೇ ನುಗ್ಗಿ ಕೊಂದದ್ದು ವರದಿಯಾಯಿತು. ಇಂಥ ಕೃತ್ಯಗಳಿಗೆ ಕಾರಣ ಹಲವು, ಒಂದು ಕಥೆ ಅವನ್ನು ತಡೆಯುತ್ತದೆ ಎನ್ನುವುದು ಅತಿಯಾದೀತು. ಆದರೆ ‘ಬೇಡ’ ಎಂಬ ಮಾತನ್ನು ಅವಮಾನವೆಂದು ಭಾವಿಸದೆ ಕೇಳಿಸಿಕೊಳ್ಳುವುದನ್ನು ಎಲ್ಲಾದರೂ ಕಲಿಯಲೇಬೇಕಲ್ಲ? ಭೋಜರಾಜ ವಾಮಂಜೂರು ಅವರಂಥ ಹಾಸ್ಯ ನಟರ ತುಳು ನಾಟಕಗಳಿಗೆ ಮನೆಮಂದಿಯೆಲ್ಲ ಕೂತು ನಕ್ಕ ಜನರಿಗೆ, ನಗುವಿನ ಮೂಲಕ ಸಂಕಟ ಹಗುರವಾಗುವ ಪರಿ ಹೊಸದೇನಲ್ಲ.

ಹೀಗೆ ಎರಡೂ ಕಡೆ ಲಾಭ ನಷ್ಟಗಳಿವೆ. ತಡೆದರೆ ಮಕ್ಕಳು ಕದ್ದು ನೋಡುತ್ತಾರೆ, ನೋಡಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ. ಏನೂ ಕೇಳದೆ ಬಿಟ್ಟರೆ ಕಥೆಯ ಸಿಹಿ ಮುಕ್ತಾಯವನ್ನೇ ಬದುಕಿನ ನಿಯಮವೆಂದು ನಂಬುತ್ತಾರೆ.

ನಡುದಾರಿಯೊಂದರ ಸೂಚನೆ ಇದೇ ಬಗೆಯ ಕಥೆಗಳೊಳಗೇ ಸಿಗುತ್ತದೆ. ಟೊಯೊಹಾಶಿ ನಗರದಲ್ಲಿ ನಡೆಯುವ, 2024ರಲ್ಲಿ ಅನಿಮೆಯಾದ ‘ಮಾಕೆಇನ್’ನಲ್ಲಿ ಬಾಲ್ಯದ ಗೆಳೆಯನಿಂದ ನಿರಾಕೃತಳಾದ ಅನ್ನಾ ಎಂಬ ಹುಡುಗಿ ಹೋಟೆಲಿನಲ್ಲಿ ದುಃಖಕ್ಕೆ ಮಿತಿಮೀರಿ ತಿನ್ನುತ್ತಾಳೆ. ಬಿಲ್ಲು ಕಟ್ಟಿದ ಸಹಪಾಠಿಯ ಸಾಲವನ್ನು ಬುತ್ತಿ ತಂದುಕೊಟ್ಟು ತೀರಿಸುತ್ತಾ ಹೋಗುತ್ತಾಳೆ. ಅವರ ನಡುವೆ ಮೊದಲು ಬೆಳೆಯುವುದು ಪ್ರೇಮವಲ್ಲ, ಸ್ನೇಹ. ಸೋಲಿಗೂ ಮುಂದಿನ ಒಲವಿಗೂ ನಡುವೆ ಹೀಗೆ ಕಾಲಾವಕಾಶ ಕೊಡುವ, ‘ಬೇಡ’ ಎಂದವರ ಮಾತನ್ನು ಕೊನೆತನಕ ಗೌರವಿಸುವ, ಅನಂತರ ಬಂದವರಿಗೂ ಸ್ವಂತ ಮನಸ್ಸಿದೆ ಎಂದು ಕಾಣಿಸುವ ಕಥೆಗಳನ್ನು ಹರೆಯದವರು ನೋಡುವುದರಿಂದ ಕೇಡಿಗಿಂತ ಒಳಿತೇ ಹೆಚ್ಚು ಎಂದು, ಎಚ್ಚರದಿಂದಲೇ, ಹೇಳಬಹುದೆನಿಸುತ್ತದೆ. ಷರತ್ತು ಒಂದೇ. ನೋಡಿದ ಮೇಲೆ ಮನೆಯಲ್ಲೋ ತರಗತಿಯಲ್ಲೋ ಹಿರಿಯರೊಬ್ಬರು ಗದರದೆ ಕೇಳಬೇಕು: ಆ ಎರಡನೆಯ ಒಲವು ಬಾರದೇ ಹೋಗಿದ್ದರೆ ‘ಬೇಡ’ ಎನ್ನಿಸಿಕೊಂಡವರು ಏನು ಮಾಡಬೇಕಿತ್ತು? ಉತ್ತರ ಏನೇ ಬರಲಿ, ಆ ಮಾತುಕತೆಗೆ ದಾರಿಯಾದರೆ ಈ ಕಥೆಗಳಿಂದ ಪ್ರಯೋಜನವಾದಂತೆಯೇ.