ಲಕ್ಕೂರು: ಲೈಸೆನ್ಸ್ ಇದೆ, ಬಂದೂಕಿದೆ, ಕ್ಯಾಪ್ ಇಲ್ಲ! ಬೆಳೆ ಕಾಯೋ ರೈತ ಏನ್ ಮಾಡ್ಬೇಕು?

ಲಕ್ಕೂರು (ಮಾಲೂರು ತಾ.): ರಾಗಿ ತೆನೆ ಕಟ್ಟೋ ಹೊತ್ತಿಗೆ, ಆಲೂಗಡ್ಡೆ ಗಡ್ಡೆ ಬಿಡೋ ಹೊತ್ತಿಗೆ ಹೊಲದಲ್ಲಿ ಒಂದು ರಾತ್ರಿ ಕಾವಲು ತಪ್ಪಿದ್ರೂ ಸಾಕು. ನೀಲಗಿರಿ ತೋಪಿನಿಂದ ಇಳಿದ ಕಾಡುಹಂದಿ ಹಿಂಡು ಬೆಳಗಾಗೋದ್ರೊಳಗೆ ಸಾಲುಗಟ್ಟಲೆ ಬೆಳೆ ಅಗೆದು ಹಾಕಿರುತ್ತೆ. ತಿಂದಿದ್ದು ಕಾಲು ಭಾಗ, ತುಳಿದಿದ್ದು ಮುಕ್ಕಾಲು ಭಾಗ. ಬೀಜ, ಗೊಬ್ಬರ, ಕೂಲಿಗೆ ಮಾಡಿದ ಸಾಲ ಮಾತ್ರ ಹಾಗೇ ಉಳಿಯುತ್ತೆ.

ಇದಕ್ಕೆ ಅಂತಾನೇ ಸರ್ಕಾರ ಕೆಲವು ರೈತರಿಗೆ ಬೆಳೆ ರಕ್ಷಣೆ ಬಂದೂಕಿನ ಲೈಸೆನ್ಸ್ ಕೊಟ್ಟಿದೆ. ಅಪ್ಪನ ಕಾಲದ್ದು, ತಾತನ ಕಾಲದ್ದು ಅಂತ ಗೋಡೆಗೆ ಒರಗಿರೋ ಒಂಟಿ ನಳಿಕೆಯ ನಾಟು ತುಪಾಕಿ ಅದು. ಆದ್ರೆ ಬಂದೂಕು ಇದ್ದ ಮಾತ್ರಕ್ಕೆ ಸದ್ದು ಬರಲ್ಲ. ನಳಿಕೆ ಬಾಯಿಂದ ಮದ್ದು, ಚರೆ ತುಂಬಬೇಕು. ಹಿಂದೆ ಮೊಲೆಯಂಥ ತುದಿಗೆ ಉಗುರಿನಷ್ಟು ಚಿಕ್ಕ ತಾಮ್ರದ ಕ್ಯಾಪ್ ಸಿಕ್ಕಿಸಬೇಕು. ಕುದುರೆ ಬಂದು ಕ್ಯಾಪ್‌ಗೆ ಬಡಿದಾಗ ಹುಟ್ಟೋ ಕಿಡಿಯಿಂದಲೇ ಒಳಗಿನ ಮದ್ದು ಹತ್ತಿಕೊಳ್ಳೋದು. ಮಲೆನಾಡಲ್ಲಿ ಇದನ್ನೇ ಕೇಪಿನ ಕೋವಿ ಅಂತಾರೆ. ಕ್ಯಾಪ್ ಇಲ್ಲ ಅಂದ್ರೆ ಬಂದೂಕು ಬರೀ ದೊಣ್ಣೆ.

ಈ ಚಿಕ್ಕ ವಸ್ತು ಯಾಕೆ ಇಷ್ಟು ದೊಡ್ಡ ತಲೆನೋವು?

ಕಾನೂನೇ ಹೇಳಿದ ಬಂದೂಕು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ನಿಜವಾದ ಬೆಳೆ ರಕ್ಷಣೆಗೆ ಅಂತ ಅದು ಹೆಸರಿಸಿರೋದು ನಳಿಕೆ ಬಾಯಿಂದ ಮದ್ದು ತುಂಬೋ ಬಂದೂಕನ್ನೇ. ಅಂದ್ರೆ ರೈತನಿಗೆ ಯಾವ ಬಂದೂಕು ಅಂತ ಆರಿಸಿದ್ದು ಕಾನೂನು. ಆದ್ರೆ ಆ ಬಂದೂಕಿಗೆ ಬೇಕಾದ ಕ್ಯಾಪು, ಮದ್ದು ಹಳ್ಳಿಯ ರೈತನ ಕೈಗೆ ತಲುಪುತ್ತಾ ಅಂತ ನೋಡೋ ಹೊಣೆ ಕಾಯ್ದೆಯಲ್ಲಿ ಯಾರ ಮೇಲೂ ಇಲ್ಲ.

ಕ್ಯಾಪ್ ಕಿರಾಣಿ ಅಂಗಡಿಯಲ್ಲಿ ಸಿಗೋ ಸಾಮಾನಲ್ಲ. ಮದ್ದುಗುಂಡಿನ ಬಿಡಿ ಭಾಗಗಳೂ ಕಾಯ್ದೆ ಪ್ರಕಾರ ಮದ್ದುಗುಂಡೇ. ಮಾರೋನಿಗೂ ಲೈಸೆನ್ಸ್ ಬೇಕು, ಕೊಳ್ಳೋನಿಗೂ ಲೈಸೆನ್ಸ್ ಬೇಕು. ಎಷ್ಟು ಇಟ್ಕೋಬಹುದು ಅನ್ನೋದು ರೈತನ ಲೈಸೆನ್ಸಿನಲ್ಲೇ ಬರೆದಿರುತ್ತೆ. ಕೊಂಡಿದ್ದು ದಾಖಲಾಗುತ್ತೆ. ಸುರಕ್ಷತೆ ದೃಷ್ಟಿಯಿಂದ ಇದೆಲ್ಲ ಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ವ್ಯಾಪಾರಿ ಕಡೆಯಿಂದಲೂ ಯೋಚನೆ ಮಾಡಿ. ಕ್ಯಾಪ್ ಮಾರಿದ್ರೆ ಸಿಗೋದು ಚಿಲ್ಲರೆ ಕಾಸು. ಅದಕ್ಕೆ ದಾಸ್ತಾನು ಪುಸ್ತಕ, ತಪಾಸಣೆ, ಸಾಗಣೆ ನಿಯಮ ಎಲ್ಲ ತಪ್ಪಿದ್ದಲ್ಲ. ಹಳೇ ಬಂದೂಕಿನವರು ವರ್ಷಕ್ಕೊಮ್ಮೆ ಬಂದು ಸ್ವಲ್ಪವೇ ಕೇಳ್ತಾರೆ. ಇಷ್ಟಕ್ಕೆ ಯಾರು ಆಸೆಪಟ್ಟು ಸ್ಟಾಕ್ ತರಿಸ್ತಾರೆ? ಗಿರಾಕಿ ಕಡಿಮೆ ಅಂತ ಅಂಗಡಿಯವ ತರಿಸಲ್ಲ, ಅಂಗಡಿಯಲ್ಲಿ ಸಿಗಲ್ಲ ಅಂತ ಗಿರಾಕಿ ಹೋಗಲ್ಲ. ಒಂದು ಡಬ್ಬಿ ಕ್ಯಾಪ್‌ಗೆ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಬರಬೇಕು ಅಂದ್ರೆ ಒಂದು ದಿನದ ಕೂಲಿ ಹೋಯ್ತು. ಹೋದ ಮೇಲೂ "ಇಲ್ಲ" ಅಂದ್ರೆ ಬರಿಗೈ.

ಅಮೆರಿಕದಲ್ಲೂ ಇದೇ ಕಥೆ

ಕ್ಯಾಪ್ ಕೊರತೆ ಅಂದ್ರೆ ಹಳ್ಳಿಗಾಡಿನ ಗೋಳು ಅಂದ್ಕೋಬೇಡಿ. ಅಮೆರಿಕದಲ್ಲಿ ಖಾಲಿ ತೋಟಾಗೆ ಮನೆಯಲ್ಲೇ ಮತ್ತೆ ಮದ್ದು ತುಂಬೋ ಹವ್ಯಾಸಿಗಳು ತುಂಬಾ ಜನ ಇದ್ದಾರೆ. ಅಲ್ಲಿ ಅದು ಕಾನೂನುಬದ್ಧ. ತೋಟಾದ ಬುಡದಲ್ಲಿ ಕೂರೋ ಕಿಡಿ ಕ್ಯಾಪ್‌ಗೆ ಅಲ್ಲಿ ಪ್ರೈಮರ್ ಅಂತಾರೆ. 2020ರಲ್ಲಿ ಕೋವಿಡ್ ಬಂದಾಗ ಜನ ಮುಗಿಬಿದ್ದು ಬಂದೂಕು, ಗುಂಡು ಕೊಂಡರು. ಅದೇ ವರ್ಷ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕ್ತು. ಪ್ರೈಮರ್ ದೊಡ್ಡ ಪ್ರಮಾಣದಲ್ಲಿ ತಯಾರಿಸೋ ಕಂಪನಿಗಳು ಅಲ್ಲಿ ಬೆರಳೆಣಿಕೆಯಷ್ಟೇ. ಅವು ಮೊದಲು ತಮ್ಮ ಗುಂಡುಗಳಿಗೆ ಬಳಸ್ಕೊಂಡವು, ಬಿಡಿ ಪ್ರೈಮರ್ ಅಂಗಡಿಗಳಿಂದ ಮಾಯವಾಯ್ತು. ಸೀಸ ಇತ್ತು, ಮದ್ದು ಇತ್ತು, ಖಾಲಿ ತೋಟಾ ಇತ್ತು. ಪ್ರೈಮರ್ ಒಂದೇ ಇಲ್ಲದೆ ಎಲ್ಲ ನಿಂತು ಹೋಯ್ತು.

ಅಲ್ಲಿನ ಕೊರತೆಗೂ ಲಕ್ಕೂರಿಗೂ ನೇರ ನಂಟಿಲ್ಲ. ಆದ್ರೆ ಪಾಠ ಒಂದೇ. ಎಲ್ಲಕ್ಕಿಂತ ಚಿಕ್ಕದಾದ, ಮನೆಯಲ್ಲಿ ಮಾಡೋಕಾಗದ ವಸ್ತು ಕೆಲವೇ ಕೈಗಳಲ್ಲಿದ್ರೆ, ಆ ಕೈ ನಿಂತ ದಿನ ಉಳಿದದ್ದೆಲ್ಲ ದಂಡ.

ಅಡ್ಡದಾರಿ ಹಿಡಿದ್ರೆ ಏನಾಗುತ್ತೆ?

ಕ್ಯಾಪ್ ಸಿಗಲ್ಲ ಅಂತ ಕೆಲವರು ತಾವೇ ಏನೋ ಕಲೆಸಿ ನೋಡೋಣ ಅಂತ ಹೊರಡೋ ಅಪಾಯ ಇದೆ. ಕ್ಯಾಪ್‌ನೊಳಗಿನ ಮದ್ದು ಪೆಟ್ಟಿಗೇ ಸಿಡಿಯೋ ಜಾತಿಯದ್ದು. ಬೆರಳು, ಕಣ್ಣು ಹೋಗೋಕೆ ಕ್ಷಣ ಸಾಕು. ಕಾನೂನೂ ಸಡಿಲ ಇಲ್ಲ. 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು, ಮದ್ದುಗುಂಡು ತಯಾರಿಸಿದ್ರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಬಂದೂಕು ಇಟ್ಕೊಳ್ಳೋ ಲೈಸೆನ್ಸ್ ಅಂದ್ರೆ ತಯಾರಿಸೋ ಲೈಸೆನ್ಸ್ ಅಲ್ಲ.

ಇನ್ನೊಂದು ಅಡ್ಡದಾರಿ ಇದಕ್ಕಿಂತ ಕೆಟ್ಟದ್ದು. ಹಂದಿಗೆ ಅಂತ ತಿಂಡಿಯೊಳಗೆ ಸಿಡಿಮದ್ದು ಇಡೋದು. ಅದನ್ನ ಹಂದಿನೇ ತಿನ್ನುತ್ತೆ ಅಂತ ಏನು ಗ್ಯಾರಂಟಿ? ಮೇಯೋಕೆ ಹೋದ ಹಸು ಬಾಯಿ ಹಾಕಿದ್ರೆ ದವಡೆನೇ ಛಿದ್ರ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆ ಸತ್ತಿದ್ದು ಇಂಥ ಸಿಡಿಮದ್ದಿಂದಲೇ. ಬೇಲಿಗೆ ಕರೆಂಟ್ ಕೊಡೋದೂ ಅಷ್ಟೇ. ರಾತ್ರಿ ನೀರು ಹಾಯಿಸೋಕೆ ಹೋದ ಮನೆಯವರೇ ಬಲಿಯಾಗಬಹುದು.

ಪೈಪಿನಲ್ಲಿ ಮಾಡೋ ಕಾರ್ಬೈಡ್ ಗನ್ ಕೂಡ ಆಟದ ಸಾಮಾನಲ್ಲ. 2025ರ ದೀಪಾವಳಿ ಸಮಯದಲ್ಲಿ ಮಧ್ಯಪ್ರದೇಶದ ಭೋಪಾಲ್ ಸುತ್ತಮುತ್ತ ಇದರಿಂದ ಹಲವು ಮಕ್ಕಳ ಕಣ್ಣಿಗೆ ಪೆಟ್ಟು ಬಿತ್ತು.

ಹೊಡೆಯೋಕೆ ಅಲ್ಲ, ಬೆದರಿಸೋಕೆ

ಬೆಳೆ ರಕ್ಷಣೆ ಲೈಸೆನ್ಸ್ ಇದ್ರೆ ಹಂದಿ ಹೊಡೀಬಹುದು ಅನ್ನೋದು ತಪ್ಪು ತಿಳುವಳಿಕೆ. ಕಾಡುಹಂದಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2ನೇ ಷೆಡ್ಯೂಲಿನಲ್ಲಿದೆ. ಬೆಳೆಗೆ ಅಪಾಯ ಅಂತ ಖಾತ್ರಿಯಾದ್ರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಆ ಆದೇಶ ಇಲ್ದೆ ಹೊಡೆದ್ರೆ ಕೇಸು. ಹೊಸೂರು ಕಡೆಯಿಂದ ಮಾಲೂರು, ಬಂಗಾರಪೇಟೆ ಗಡಿಗೆ ಬರೋ ಆನೆ 1ನೇ ಷೆಡ್ಯೂಲು. ಅದರ ಕಡೆ ಬಂದೂಕು ತಿರುಗಿಸೋ ಮಾತೇ ಇಲ್ಲ. ಆನೆ ಬಂದ್ರೆ ಅರಣ್ಯ ಇಲಾಖೆಗೆ ಫೋನು, ಅಷ್ಟೇ.

ಕೇರಳ 2022ರಲ್ಲಿ ಬೇರೆ ದಾರಿ ಹಿಡೀತು. ಬೆಳೆ ಹಾಳು ಮಾಡೋ ಕಾಡುಹಂದಿ ಹೊಡೆಯೋಕೆ ಆದೇಶ ಕೊಡೋ ಅಧಿಕಾರವನ್ನ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟು, ಲೈಸೆನ್ಸ್ ಇರೋ ಬಂದೂಕುದಾರರನ್ನ ಬಳಸ್ಕೊಳ್ತು. ಅದು ಸರಿಯೋ ತಪ್ಪೋ ಚರ್ಚೆ ಇರಲಿ. ಆದ್ರೆ ಅಂಥ ವ್ಯವಸ್ಥೆಗೂ ಬಂದೂಕಿನೊಳಗೆ ಹಾಕೋಕೆ ಏನಾದ್ರೂ ಇರಲೇಬೇಕು.

ಚುನಾವಣೆ ಬಂದ್ರೆ ಅದೂ ಇಲ್ಲ

ಚುನಾವಣೆ ಬಂತು ಅಂದ್ರೆ ಬಂದೂಕು ಠಾಣೆಗೆ ಜಮಾ ಮಾಡಿ ಅನ್ನೋ ಸೂಚನೆ ಬರುತ್ತೆ. 2024ರ ಲೋಕಸಭೆ ಚುನಾವಣೆಗೆ ನೀತಿ ಸಂಹಿತೆ ಮಾರ್ಚ್ 16ಕ್ಕೇ ಶುರುವಾಯ್ತು. ಕೋಲಾರದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಬೇಸಿಗೆ ಬೆಳೆಯ ಕಾಲ ಪೂರ್ತಿ ಅದರಲ್ಲೇ ಹೋಯ್ತು. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಬಂದಾಗ ಮತ್ತೆ ಇದೇ ಪ್ರಶ್ನೆ. ಯಾರ ಬಂದೂಕು ಜಮಾ ಆಗ್ಬೇಕು, ಯಾರಿಗೆ ವಿನಾಯಿತಿ ಅಂತ ಪರಿಶೀಲಿಸೋಕೆ ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತೆ. ಕಾವಲು ಅನಿವಾರ್ಯ ಇರೋ ರೈತರು ಪಹಣಿ ಸಮೇತ ಅರ್ಜಿ ಕೊಟ್ಟು ಕೇಳ್ಕೋಬಹುದು.

ಸದ್ಯಕ್ಕೆ ಏನು ಮಾಡಬಹುದು?

ಮೊದಲನೇದು, ಇರೋ ಕ್ಯಾಪನ್ನ ಕಾಪಾಡ್ಕೊಳ್ಳೋದು. ತೇವ ಬಿದ್ರೆ ಕ್ಯಾಪ್ ಕೆಡುತ್ತೆ. ಒಣಗಿದ ಡಬ್ಬಿಯಲ್ಲಿ, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಬೇಕು. ಮದ್ದು ಬೇರೆ, ಕ್ಯಾಪ್ ಬೇರೆ ಇರಬೇಕು.

ಎರಡನೇದು, ಲೈಸೆನ್ಸ್ ಜೀವಂತ ಇಟ್ಕೊಳ್ಳೋದು. ಈಗ ಅವಧಿ 5 ವರ್ಷ. ಮುಗಿಯೋ ಮೊದಲೇ ನವೀಕರಣ ಆಗ್ಬೇಕು, ಯುಐಎನ್ ನಂಬರ್ ಇರಲೇಬೇಕು. ಲೈಸೆನ್ಸ್ ಕೆಟ್ರೆ ಸ್ಟಾಕ್ ಇದ್ರೂ ಅಂಗಡಿಯವ ಕೊಡಲ್ಲ. ಅಪ್ಪನಿಗೆ 70 ವರ್ಷ ಆಗಿದ್ರೆ ಅಥವಾ ಬಂದೂಕು 25 ವರ್ಷದಿಂದ ಇದ್ರೆ ಮಕ್ಕಳ ಹೆಸರಿಗೆ ಮಾಡಿಸ್ಕೊಳ್ಳೋಕೆ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶ ಇದೆ.

ಮೂರನೇದು ಮುಖ್ಯ. ಬಾಯಿಂದ ತುಂಬೋ ಬಂದೂಕು ಬೆಳೆ ರಕ್ಷಣೆಗೆ ಸಾಲಲ್ಲ ಅಂತ ಮನವರಿಕೆ ಆದ್ರೆ ತೋಟಾ ಹಾಕೋ ಬಂದೂಕಿಗೆ ಲೈಸೆನ್ಸ್ ಕೊಡಬಹುದು ಅಂತ ಅದೇ 13ನೇ ಸೆಕ್ಷನ್ ಹೇಳುತ್ತೆ. ಕ್ಯಾಪ್ ಸಿಗ್ತಿಲ್ಲ ಅನ್ನೋದನ್ನೇ ಕಾರಣ ಮಾಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. ಆದ್ರೆ ಹೊಸ ಬಂದೂಕು, ತೋಟಾ ಎರಡೂ ದುಬಾರಿ. ಒಂದೆರಡು ಎಕರೆ ರೈತನಿಗೆ ಇದು ಎಟುಕೋ ಮಾತಲ್ಲ.

ನಾಲ್ಕನೇದು, ಬೆಳೆ ಹೋದ್ರೆ ಫೋಟೊ ತೆಗೆದು ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡೋದು. ಕಾಡುಪ್ರಾಣಿ ಹಾವಳಿಯ ನಷ್ಟವನ್ನ 2026ರ ಮುಂಗಾರಿನಿಂದ ಫಸಲ್ ಬಿಮಾಗೆ ಸೇರಿಸೋದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. 72 ಗಂಟೆಯೊಳಗೆ ಆ್ಯಪ್‌ನಲ್ಲಿ ತಿಳಿಸಬೇಕು. ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನೋ ಪಟ್ಟಿ ಕೊಡೋದು ರಾಜ್ಯ ಸರ್ಕಾರದ ಕೆಲಸ. ಆ ಪಟ್ಟಿಯಲ್ಲಿ ಕಾಡುಹಂದಿ ಜೊತೆ ಕೋಲಾರದ ಹೆಸರು ಇರೋ ಹಾಗೆ ನೋಡ್ಕೊಳ್ಳೋದು ಇಲ್ಲಿನ ಜನಪ್ರತಿನಿಧಿಗಳ ಕೆಲಸ.

ಕೇಳೋದು ದೊಡ್ಡದೇನಲ್ಲ

ಎಲ್ಲರಿಗೂ ಬಂದೂಕು ಕೊಡಿ ಅಂತ ಯಾರೂ ಕೇಳ್ತಿಲ್ಲ. ಯಾವ ಹೋಬಳಿಯಲ್ಲಿ ಎಷ್ಟು ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅನ್ನೋ ಲೆಕ್ಕ ಜಿಲ್ಲಾಡಳಿತದ ಹತ್ರಾನೇ ಇರುತ್ತೆ. ವರ್ಷಕ್ಕೆ ಎಷ್ಟು ಕ್ಯಾಪ್ ಬೇಕು ಅಂತ ಕೂಡಿಸಿ, ಲೈಸೆನ್ಸ್ ಇರೋ ಮಾರಾಟಗಾರರ ಜೊತೆ ಮಾತಾಡಿ, ಬಿತ್ತನೆಗೆ ಮೊದಲು ತಾಲ್ಲೂಕು ಕೇಂದ್ರದಲ್ಲಿ ಪೊಲೀಸರ ಎದುರೇ ಒಂದು ದಿನ ಹಂಚಿಸಿದ್ರೆ ಆಯ್ತು. ಲೆಕ್ಕವೂ ಪಕ್ಕಾ, ಅಡ್ಡದಾರಿಯೂ ಬಂದ್.

ಅದಾಗಲ್ಲ ಅಂದ್ರೆ ಸೋಲಾರ್ ಬೇಲಿಗಾದ್ರೂ ಸಹಾಯ ಕೊಡಲಿ. ಎರಡೂ ಇಲ್ಲ ಅಂದ್ರೆ, ರಾತ್ರಿಯೆಲ್ಲ ಟಿನ್ ಡಬ್ಬ ಬಡಿದು ಬೆಳಗ್ಗೆ ಕೂಲಿಗೆ ಹೋಗೋ ರೈತನಿಗೆ ಸರ್ಕಾರ ಕೊಟ್ಟ ಲೈಸೆನ್ಸ್ ಬರೀ ಕಾಗದ. ಹಂದಿಗೆ ಕಾಗದ ಓದೋಕೆ ಬರಲ್ಲ.